ಬಾಗಿಲ ಹೊರಗಿನ ಬೆತ್ತದ ಕುರ್ಚಿ

ಮಾಗಿಯ ಚಳಿ ಇನ್ನೂ ಬಿಟ್ಟಿರಲಿಲ್ಲ. ಹೊತ್ತು ಮೂಡಿ ಒಂದು ಮಾರು ಮೇಲೇರಿತ್ತು, ಆಗ ನನಗೆ ನಾಲ್ಕನೆಯ ಕಾಲು ಬಂತು. ನನ್ನ ಜೀವ ಅಲ್ಲಿಂದಲೇ ಶುರು ಎಂದು ನಾನು ಹಿಡಿದುಕೊಂಡಿದ್ದೇನೆ. ಮೂರು ಕಾಲಿನ ಮೇಲೆ ನಿಂತದ್ದನ್ನು ಯಾರೂ ಕುರ್ಚಿ ಅನ್ನುವುದಿಲ್ಲ.

ಹೌದು, ನಾನು ಒಂದು ಕುರ್ಚಿ. ಸಾಗವಾನಿಯ ಚೌಕಟ್ಟು, ಕೂರುವ ಕಡೆ ಬೆತ್ತದ ಹೆಣಿಗೆ, ಕೈ ಊರಲು ಏನೂ ಇಲ್ಲ. ಹುಟ್ಟಿದ್ದು ಒಂದು ಜೇಲಿನೊಳಗೆ. ಆ ಕಾಲಕ್ಕೆ ಸರಕಾರಿ ಕಚೇರಿಗಳ ಕುರ್ಚಿ ಮೇಜುಗಳನ್ನು ಕೈದಿಗಳೇ ಮಾಡಿ ಕಳಿಸುತ್ತಿದ್ದರು. ನನ್ನನ್ನು ಮಾಡಿದವನು ಪುಂಡಲೀಕ ಎಂಬ ಬಡಿಗ. ಶಿಕ್ಷೆಯಲ್ಲಿ ಒಂಬತ್ತು ವರ್ಷ ಕಳೆದಿದ್ದ, ಇನ್ನೂ ಐದು ಉಳಿದಿತ್ತು. ಬೇಗ ಬೇಗ ಮುಗಿಸು ಎಂದು ಕಾವಲುಗಾರ ಗದರಿದರೆ, "ಅವಸರ ಯಾರಿಗದರೀ ಸಾಹೇಬ್ರ, ನನಗಂತೂ ಇಲ್ಲ" ಎಂದು ನಗುತ್ತಿದ್ದ. ಕಡೆಗೆ ಕಾಯಿಸಿದ ಕಬ್ಬಿಣದಿಂದ ನನ್ನ ಹೊಟ್ಟೆಯ ಕೆಳಗೆ ನಲವತ್ತೊಂದು ಎಂದು ಸುಟ್ಟು ಬರೆದ. ನನಗೆ ಗೊತ್ತಿರುವ ಬರಹ ಅದೊಂದೇ. ಮುಂದೆ ಐವತ್ತು ವರ್ಷ ಓದುವವರ ಕೆಳಗೇ ಇದ್ದೆನಾದರೂ ಓದು ನನ್ನ ತಲೆಗೆ ಹತ್ತಲಿಲ್ಲ.

ಲಾರಿಯಲ್ಲಿ ಹಾಕಿ ಗುಡ್ಡದ ಮೇಲಿನ ವಿಶ್ವವಿದ್ಯಾಲಯಕ್ಕೆ ತಂದರು. ಭೂಗೋಳ ವಿಭಾಗ. ಗೋಡೆ ತುಂಬ ನಕಾಶೆಗಳು. ಎಲ್ಲ ಕುರ್ಚಿಗಳೂ ಒಳಗೆ ಹೋದವು, ಕೈ ಇಲ್ಲದ ನನ್ನನ್ನು ಗೈಡ್ ಕೂರುವ ಕೋಣೆಯ ಬಾಗಿಲ ಹೊರಗೆ ಇಟ್ಟರು. ಪಿಎಚ್.ಡಿ. ಮಾಡುವವರು ಕಾಯಬೇಕಲ್ಲ, ಅವರಿಗಾಗಿ.

ಕಾಯುವುದಕ್ಕೂ ಅಲ್ಲೊಂದು ಪದ್ಧತಿ ಬೆಳೆಯಿತು. ನಾನು ಒಂದೇ ಕುರ್ಚಿ, ಕಾಯುವವರು ನಾಲ್ಕೈದು ಜನ. ಸರದಿ ಬಂದವರು ಎದ್ದು ಚಹಕ್ಕೋ ಗ್ರಂಥಾಲಯಕ್ಕೋ ಹೋಗಬೇಕಾದರೆ ನನ್ನ ಮೇಲೆ ಕರವಸ್ತ್ರ ಹಾಸಿ ಹೋಗುತ್ತಿದ್ದರು. ಕರವಸ್ತ್ರ ಇದ್ದರೆ ಸರದಿ ಇದ್ದಂತೆ. ಅದನ್ನು ಸರಿಸಿ ಕೂತವರನ್ನು ನಾನು ನೋಡಿಲ್ಲ. ವಿಭಾಗದ ಜವಾನ ಹುಸೇನಸಾಬ ಒಮ್ಮೊಮ್ಮೆ ಆ ಕರವಸ್ತ್ರವನ್ನೇ ಮಾತಾಡಿಸುತ್ತಿದ್ದ: "ಏನ್ರೀ ಪಾಟೀಲ್ರ, ಇನ್ನೂ ಒಳಗ ಕರದಿಲ್ಲೇನು?"

ಕೂತ ರೀತಿಯಿಂದ ಯಾರದು ಎಷ್ಟನೆಯ ವರ್ಷ ಎಂದು ಹೇಳಬಲ್ಲೆ. ಮೊದಲ ವರ್ಷದವರು ತುದಿಯಲ್ಲಿ ಕೂರುತ್ತಾರೆ, ಫೈಲು ತೊಡೆಯ ಮೇಲೆ, ಬೆನ್ನು ನೆಟ್ಟಗೆ. ಮೂರನೆಯ ವರ್ಷದವರು ಒರಗುತ್ತಾರೆ. ಐದನೆಯ ವರ್ಷದವರು ಜೋಳದ ಚೀಲ ಇಳಿಸಿದ ಹಾಗೆ ಕೂರುತ್ತಾರೆ. ಅವರ ಮೈತೂಕ ಏರಿರುವುದಿಲ್ಲ, ಆದರೂ ನನ್ನ ಕೀಲು ಕಿರಗುಟ್ಟುತ್ತದೆ.

ಒಬ್ಬನನ್ನು ಮಾತ್ರ ಹೇಳಿ ಮುಂದೆ ಹೋಗುತ್ತೇನೆ. ಬಹಳ ವರ್ಷದ ಹಿಂದೆ ಇನಾಮದಾರ ಎಂಬ ತೆಳ್ಳನೆಯ ಹುಡುಗ ಇದ್ದ. ಅವನ ಗೈಡು ಎಂಟು ತಿಂಗಳು ಅವನ ಒಂದು ಅಧ್ಯಾಯ ನೋಡಲಿಲ್ಲ. ಒಂದು ಮಧ್ಯಾಹ್ನ ಯಾರೂ ಇಲ್ಲದಾಗ ಮೊಣಕಾಲಿಗೆ ಹಣೆ ಹಚ್ಚಿ ಅತ್ತ. ಕಣ್ಣೀರು ನನ್ನ ಮುಂಗಾಲಿನ ಮೇಲೆ ಬಿತ್ತು. ಮುಂದೆ ಅವನು ಮುಗಿಸಿದ, ಅಲ್ಲೇ ಮಾಸ್ತರನಾದ, ಆ ಬಾಗಿಲ ಒಳಗಿನ ಕೋಣೆ ಅವನದಾಯಿತು. ಆಮೇಲೆ ಅವರು ಇನಾಮದಾರ ಸರ್. ದಿನಾ ನನ್ನನ್ನು ದಾಟಿ ಒಳಗೆ ಹೋಗುತ್ತಿದ್ದರು. ಒಂದು ದಿನವೂ ನನ್ನ ಕಡೆ ನೋಡಲಿಲ್ಲ.

ನೀಲಗಂಗಾ ಬಂದದ್ದು ಇವರ ಹತ್ತಿರ ಓದಲಿಕ್ಕೆ. ಬಯಲುಸೀಮೆಯ ಒಂದು ಸಣ್ಣ ಪೇಟೆಯ ಹುಡುಗಿ, ಉದ್ದ ಬೆರಳು, ಕಡಿಮೆ ಮಾತು. ಊರೂರು ತಿರುಗಿ ಭಾವಿಗಳ ನೀರಿನ ಆಳ ಅಳೆಯುವುದು ಅವಳ ಕೆಲಸವಂತೆ. ಎರಡು ವರ್ಷ ಹುರುಪಿನಿಂದ ತಿರುಗಿದಳು. ಮೂರನೆಯ ವರ್ಷ ಬರೆಯಲು ಕೂತಳು. ಬರೆದದ್ದು ಕೆಂಪು ಶಾಯಿ ಹೊತ್ತು ವಾಪಸು ಬರತೊಡಗಿತು. ಮತ್ತೆ ಬರೆದಳು, ಮತ್ತೆ ವಾಪಸು. ನಾಲ್ಕನೆಯ ವರ್ಷ ಕೆಂಪು ಶಾಯಿಯೂ ಇಲ್ಲ, ಕಾಗದ ಒಳಗೆ ಹೋಗಿ ಸುಮ್ಮನೆ ಇರುತ್ತಿತ್ತು. ಇವಳು ನನ್ನ ಮೇಲೆ ಇರುತ್ತಿದ್ದಳು.

ಹಾಸ್ಟೆಲ್ಲಿನ ಗೆಳತಿಯರು ಸಿನಿಮಾಕ್ಕೆ ಕರೆದರೆ, ಮುಗಿಯಲಿ ಆಮೇಲೆ ಬರುತ್ತೇನೆ ಅನ್ನುವಳು. ಊರಿಂದ ಅಕ್ಕನ ಫೋನು ಬಂದರೆ, ಮುಗಿಯಲಿ ಆಮೇಲೆ ಮಾತಾಡುತ್ತೇನೆ ಅನ್ನುವಳು. ಎಲ್ಲವೂ ಆ "ಮುಗಿಯಲಿ"ಯ ಆಚೆ ಹೋಗಿ ನಿಂತಿತ್ತು. ಊಟ ಬಿಡುತ್ತಿದ್ದಳು. ಬಲಗೈಯನ್ನು ತೊಡೆಯ ಪಕ್ಕದಲ್ಲಿ ಇಳಿಬಿಟ್ಟು ನನ್ನ ಬೆತ್ತದ ಎಳೆಗಳನ್ನು ಉಗುರಿನಿಂದ ಎಬ್ಬಿಸುತ್ತಿದ್ದಳು. ದಿನಕ್ಕೊಂದು ಎಳೆ. ಅವಳಿಗೆ ಅದರ ಅರಿವೇ ಇರಲಿಲ್ಲ. ನನಗೆ ನೋವಾಗುತ್ತಿತ್ತು ಎಂದು ಹೇಳಲಾರೆ, ಆದರೆ ಹಗುರಾಗುತ್ತಿದ್ದೇನೆ ಎಂದು ಗೊತ್ತಾಗುತ್ತಿತ್ತು.

ಐದನೆಯ ವರ್ಷದ ಶ್ರಾವಣದಲ್ಲಿ, ಬೇರೆ ಊರಿಂದ ಬಂದ ಒಬ್ಬ ದಪ್ಪನೆಯ ಪ್ರೊಫೆಸರು ಬೂಟಿನ ಲೇಸು ಕಟ್ಟಿಕೊಳ್ಳಲು ನನ್ನ ಮೇಲೆ ಕೂತರು. ಕೂತವರು ಒಳಗೇ ಹೋದರು. ಮೊಣಕಾಲು ಎದೆಗೆ ಬಂದು, ಏಳಲಾಗದೆ, ಇಬ್ಬರು ಹಿಡಿದು ಎಳೆಯಬೇಕಾಯಿತು. ಇನಾಮದಾರ ಸರ್ ಮುಖ ಕೆಂಪಾಯಿತು. ನೀಲಗಂಗಾ ದಿನಾ ಬೆತ್ತ ಕೀಳುವುದನ್ನು ಅವರು ಬಾಗಿಲ ಸಂದಿಯಿಂದ ಕಂಡಿದ್ದರಂತೆ.

"ಹರದಾಕಿ ನೀನ. ನೀನ ಹೆಣಿಸ್ಕೊಂಡು ಬಾ," ಎಂದರು. "ಅಧ್ಯಾಯ ಆಮ್ಯಾಲೆ ನೋಡೋಣಂತ."

ಹುಸೇನಸಾಬನೇ ದಾರಿ ಹೇಳಿದ. ಗುಡ್ಡದ ಹಿಂದೆ ಅಂಧರ ಶಾಲೆ ಇದೆ, ಅಲ್ಲಿ ಬೆತ್ತದ ಕೆಲಸದ ಕೋಣೆ ಇದೆ, ಯಮನೂರಪ್ಪ ಅಂತ ಒಬ್ಬರು ಇದ್ದಾರೆ. ಒಂದು ಶನಿವಾರ ನನ್ನನ್ನು ಆಟೋದಲ್ಲಿ ಹಾಕಿಕೊಂಡು ನೀಲಗಂಗಾ ಅಲ್ಲಿಗೆ ಹೋದಳು. ಆಟೋದ ಹೊರಗೆ ನನ್ನ ಕಾಲು, ಒಳಗೆ ಅವಳ ಮುಖ. ಎಷ್ಟೋ ವರ್ಷದ ಮೇಲೆ ಬಿಸಿಲು ಕಂಡೆ.

ಯಮನೂರಪ್ಪನಿಗೆ ಅರವತ್ತರ ಆಸುಪಾಸು. ಹುಟ್ಟಾ ಕಣ್ಣಿಲ್ಲ. ಮುಂದೆ ಬಕೆಟ್ಟಿನಲ್ಲಿ ನೆನೆಹಾಕಿದ ಬೆತ್ತದ ಎಳೆಗಳು. ನನ್ನನ್ನು ಹತ್ತಿರ ಎಳೆದುಕೊಂಡು ತೂತುಗಳ ಅಂಚಿನ ಮೇಲೆ ಬೆರಳಾಡಿಸಿದ. ಸುತ್ತ ಒಂದು ಸಲ ಆಡಿಸಿ ನಿಲ್ಲಿಸಿದ.

"ಇದು ಭಾರಕ್ಕ ಹರದಿಲ್ರೀ ಅಕ್ಕಾರ. ಬಲಗಡೀ ಅಷ್ಟ ಹೋಗ್ಯದ. ಯಾರೋ ಕೂತ್ಕೊಂಡು ಕಿತ್ತಾರ."

ಕಿತ್ತದ್ದು ತಾನೇ ಎಂದಳು ನೀಲಗಂಗಾ.

"ಕೀಳೂದು ಇಷ್ಟು ಛಲೋ ಬರ್ತದಂದ್ರ ಹೆಣಿಯೂದೂ ಬರ್ತದ. ಕುಂದರ್ರಿ."

ಅವಳು ಕೂತಳು. ತನಗೆ ಪುರಸೊತ್ತಿಲ್ಲ, ಬಿಟ್ಟು ಹೋಗಲಿಕ್ಕೆ ಬಂದದ್ದು ಎಂದು ಹೇಳುತ್ತಲೇ ಕೂತಳು. ಉದ್ದಕ್ಕೆ ಎರಡು ಸುತ್ತು, ಅಡ್ಡಕ್ಕೆ ಎರಡು, ಓರೆಗೆ ಎರಡು, ಕಡೆಗೆ ಅಂಚು ಕಟ್ಟುವುದು. ಇಷ್ಟೇ ವಿದ್ಯೆ ಎಂದು ಅವನು ಹೇಳಿದ. ಶನಿವಾರಕ್ಕೆ ಒಂದೇ ಸುತ್ತು, ಒಣಗಲು ಬಿಡಬೇಕು ಎಂದೂ ಹೇಳಿದ. ಅವಳು ಒಪ್ಪಿದಂತೆ ಹೂಂ ಅಂದಳು. ಅವನು ಪ್ರಾರ್ಥನೆಗೆ ಎದ್ದು ಹೋದ ಮೇಲೆ ಒಂದೇ ಬೈಠಕ್ಕಿನಲ್ಲಿ ನಾಲ್ಕು ಸುತ್ತು ಹಾಕಿದಳು. ಹಸಿ ಬೆತ್ತ ಮೆತ್ತಗಿರುತ್ತದೆ, ಎಷ್ಟು ಎಳೆದರೂ ಬರುತ್ತದೆ. ಹಲ್ಲು ಕಚ್ಚಿ ಎಳೆದು ಬಿಗಿದಳು. ಬಿಡುವಿಗೆಂದು ಸಿಕ್ಕ ಕೆಲಸವನ್ನೂ ಪರೀಕ್ಷೆ ಮಾಡಿಕೊಂಡಿದ್ದಳು, ಪಾಪ.

ಬುಧವಾರದ ಬಿಸಿಲಿಗೆ ನಾನು ಒಣಗಿದೆ. ಒಣಗಿದಂತೆ ಎಳೆಗಳು ತಾವಾಗಿ ಬಿಗಿಯತೊಡಗಿದವು. ಮೊದಲೇ ಜಾಗವಿಲ್ಲ, ಇನ್ನೆಲ್ಲಿ ಬಿಗಿಯಬೇಕು? ಒಂದು ಪಟ್ ಅಂತು, ಇನ್ನೊಂದು ಅಂತು. ಸಂಜೆಯೊಳಗೆ ಹದಿನಾರು ಎಳೆ ಹರಿದವು. ಯಮನೂರಪ್ಪ ಮೂಲೆಯಲ್ಲಿ ಕೂತು ಒಂದೊಂದನ್ನೇ ಎಣಿಸಿ ನಗುತ್ತಿದ್ದ.

ಶನಿವಾರ ಬಂದು ನೋಡಿದ ನೀಲಗಂಗಾ ನೆಲದ ಮೇಲೆ ಕೂತುಬಿಟ್ಟಳು. ಅಳುತ್ತಾಳೆ ಅಂದುಕೊಂಡೆ. ಅಳಲಿಲ್ಲ. ತನ್ನ ಕೈಲಿ ಏನೂ ಮುಗಿಯುವುದಿಲ್ಲ ಎಂದಳು, ಅಷ್ಟೇ.

"ಮುಗಸೂದು ಆಮ್ಯಾಲಿನ ಮಾತು," ಎಂದ ಅವನು. "ಹಸೀ ಇದ್ದಾಗ ಒಂದೀಟು ಸಡಲ ಬಿಡ್ರಿ. ಒಣಗೂ ಮುಂದ ಅದು ತಾನ ಬಿಗೀತದ. ಅದಕ್ಕೂ ಒಂದು ಕೆಲಸ ಉಳಸ್ರಿ."

ಇಬ್ಬರೂ ಕೂಡಿ ಎಲ್ಲ ಬಿಚ್ಚಿದರು. ಅವತ್ತು ಒಂದು ಸುತ್ತು ಹಾಕಿ ಎದ್ದಳು.

ಹೀಗೆ ಶನಿವಾರಗಳು ಬಂದವು. ಮೂರನೆಯದೋ ನಾಲ್ಕನೆಯದೋ ಶನಿವಾರ, ನೀವು ಓದುವುದು ಏನು ಎಂದು ಯಮನೂರಪ್ಪ ಕೇಳಿದ. ನಕಾಶೆ, ನೀರು ಎಂದಳು. ನಕಾಶೆ ಅಂದರೆ ಹೇಗಿರುತ್ತದೆ ಎಂದು ಕೇಳಿದ. ಅವಳು ಕಾಗದ ಅಂದಳು, ಗೆರೆ ಅಂದಳು, ಬಣ್ಣ ಅಂದಳು. ಒಂದೂ ಅವನಿಗೆ ದಕ್ಕಲಿಲ್ಲ. ಆಮೇಲೆ ಅವಳು ಒಂದು ರಟ್ಟು ತೆಗೆದುಕೊಂಡು, ಉಳಿದ ಬೆತ್ತದ ಚೂರುಗಳನ್ನು ಬಗ್ಗಿಸಿ ಅಂಟಿಸಿದಳು. ದಪ್ಪ ಎಳೆ ಕೃಷ್ಣಾ, ಸಣ್ಣ ಎಳೆ ಮಲಪ್ರಭಾ. ಅವನ ತೋರುಬೆರಳು ಹಿಡಿದು ಸಣ್ಣ ಎಳೆಯ ಬುಡದಲ್ಲಿ ಇಟ್ಟು, ಇಲ್ಲಿ ಹುಟ್ಟತಾಳ್ರಿ ಕಾಕಾ, ನಡೀರಿ ಎಂದಳು.

ಬೆರಳು ನಡೆಯಿತು. ಬಳುಕಿತು, ತಿರುಗಿತು. ಕೂಡಲಸಂಗಮ ಬರುವ ಮುಂಚೆ ಒಂದು ಕಡೆ ನಿಂತಿತು.

"ಸವದತ್ತಿ ದಾಟಿದ್ನಿಲ್ಲೋ?"

ದಾಟಿದಿರಿ ಎಂದಳು.

"ಹಂಗಾರ ಇಲ್ಲೇ ಎಲ್ಲ್ಯೋ ನಮ್ಮೂರು. ಸಣ್ಣಾಂವ ಇದ್ದಾಗ ಇದರಾಗ ಈಜೀನಿ. ಹೊಳಿ ಇಷ್ಟು ಸೊಟ್ಟ ಹೋಗ್ತದಂತ ಇವತ್ತ ತಿಳೀತು ನೋಡ್ರಿ."

ಆ ರಟ್ಟು ಶಾಲೆಯ ಹುಡುಗಿಯರ ಕೈಗೆ ಹೋಯಿತು. ಮುಂದಿನ ಶನಿವಾರ ಹನ್ನೊಂದು ಹುಡುಗಿಯರು ಬಾಗಿಲಲ್ಲಿ ನಿಂತಿದ್ದರು. ಒಬ್ಬಳಿಗೆ ಸಮುದ್ರ ಮುಟ್ಟಬೇಕು, ಒಬ್ಬಳಿಗೆ ತಾನು ಬಂದ ರೈಲಿನ ದಾರಿ ಮುಟ್ಟಬೇಕು. ನೀಲಗಂಗಾ ಅವರಿಗಾಗಿ ಇನ್ನೂ ದೊಡ್ಡ ರಟ್ಟುಗಳನ್ನು ಮಾಡಿ ತಂದಳು. ಒಬ್ಬಳು ಅದರಲ್ಲಿ ಆಂಧ್ರವನ್ನು ಮುಟ್ಟಿ, "ಇಷ್ಟ ಏನ್ರಿ ಟೀಚರ್? ನಮ್ಮ ಮಾವ ಬಾಳ ದೂರ ಅಂತ ಹೇಳ್ತಿದ್ದ" ಎಂದಳು. ನೀಲಗಂಗಾ ನಕ್ಕಳು. ಅವಳು ನಗುವುದನ್ನು ನಾನು ಕೇಳಿದ್ದು ಐದು ವರ್ಷದಲ್ಲಿ ಅದೇ ಮೊದಲು. ಬೆಳಿಗ್ಗೆ ಪಾಠ, ಮಧ್ಯಾಹ್ನ ನನ್ನ ಹೆಣಿಗೆ. ನಡುವೆ ಹುಡುಗಿಯರ ಜೊತೆ ಕೂತು ಉಣ್ಣುತ್ತಿದ್ದಳು. ಎರಡು ಅಧ್ಯಾಯ ಬರೆದೆ ಎಂದು ಒಂದು ದಿನ ತಾನಾಗಿಯೇ ಹೇಳಿದಳು, ಉಪ್ಪಿನಕಾಯಿ ಹಾಕಿದೆ ಅನ್ನುವ ಹಾಗೆ ಸಹಜವಾಗಿ.

ದೀಪಾವಳಿ ಮುಗಿದ ವಾರ ಬರಲಿಲ್ಲ. ಅದರ ಮುಂದಿನ ವಾರವೂ ಬರಲಿಲ್ಲ. ನನಗೆ ಓರೆ ಸುತ್ತುಗಳೂ ಮುಗಿದು ಅಂಚು ಕಟ್ಟುವುದೊಂದೇ ಉಳಿದಿತ್ತು. ಹುಡುಗಿಯರು ಬಂದು ಬಾಗಿಲು ಮುಟ್ಟಿ ವಾಪಸು ಹೋಗುತ್ತಿದ್ದರು. ಬೇರೆಯವರು ನನ್ನನ್ನು ಮುಗಿಸಿಬಿಡುತ್ತೇವೆ ಎಂದರೆ ಯಮನೂರಪ್ಪ ಕೊಡಲಿಲ್ಲ.

ಎಂಟನೆಯ ವಾರ ಹುಸೇನಸಾಬ ನನ್ನನ್ನು ವಿಚಾರಿಸಿಕೊಂಡು ಬಂದ. ಅವನ ಬಾಯಿಂದ ಸುದ್ದಿ ತಿಳಿಯಿತು. ಶನಿವಾರದ ಸಂಗತಿ ಸರ್ ಕಿವಿಗೆ ಬಿದ್ದಿದೆ. ನೋಂದಣಿಯ ಅವಧಿ ಮುಗಿಯುತ್ತ ಬಂತು, ನೀನು ಬುಟ್ಟಿ ಹೆಣೆಯುತ್ತ ಕೂತಿದ್ದೀ, ಡಾಕ್ಟರೇಟ್ ಯಾವುದಕ್ಕೆ ಬೇಕು ಎಂದು ಎಲ್ಲರ ಎದುರು ಕೇಳಿದ್ದಾರೆ. ಅವಳು ಶನಿವಾರ ಬಿಟ್ಟಳು. ಏಳು ದಿನವೂ ಬರೆಯಲು ಕೂತಳು. ಆದರೆ ಒಂದು ಸಾಲೂ ಬರೆಯಲಿಲ್ಲ. ನಾನಿಲ್ಲದ ಬಾಗಿಲಲ್ಲಿ ನಿಂತುಕೊಂಡೇ ಕಾಯುತ್ತಾಳೆ, ನಿಂತಲ್ಲೇ ದುಪಟ್ಟಾದ ದಾರ ಕೀಳುತ್ತಾಳೆ.

"ನಿನ್ನೆ ಆಫೀಸಿನಾಗ ನೋಂದಣಿ ರದ್ದು ಮಾಡಸೂ ಫಾರಂ ಇಸ್ಕೊಂಡಾಳ," ಎಂದ ಹುಸೇನಸಾಬ. "ನಾಳೆ ಸರ್ ಸಹಿ ಹಾಕಸ್ತಾಳಂತ. ಐದು ವರ್ಷ ಮ್ಯಾಲಾತು, ಯಮನೂರಪ್ಪ. ಹಂಗ ಹೋದ ಹುಡುಗರನ್ನ ನಾ ಬಾಳ ಮಂದಿ ನೋಡೀನಿ. ಹೋದವ್ರು ಈ ಕಡೀ ಹೊಳ್ಳಿ ನೋಡೂದಿಲ್ಲ."

ಯಮನೂರಪ್ಪ ಬೆತ್ತದ ಕಟ್ಟಿಗೆ ಕೈ ಚಾಚಿದ. ಬಕೆಟ್ಟಿಗೆ ನೀರು ಹಾಕು ಎಂದ.

ಮರುದಿನ, ಸಂಕ್ರಮಣಕ್ಕೆ ನಾಲ್ಕು ದಿನ ಇದ್ದಾಗ, ಹುಸೇನಸಾಬ ನನ್ನನ್ನು ಹೊತ್ತ. ಯಮನೂರಪ್ಪ ಒಂದು ಕೈಯಲ್ಲಿ ಬಕೆಟ್ಟು ಹಿಡಿದು, ಇನ್ನೊಂದು ಕೈಯನ್ನು ನನ್ನ ಹಿಂಗಾಲಿಗೆ ಹಚ್ಚಿ ಗುಡ್ಡ ಹತ್ತಿದ. ವಿಭಾಗದ ಮೆಟ್ಟಿಲಲ್ಲಿ ಹುಡುಗರು ದಾರಿ ಬಿಟ್ಟರು. ನೀಲಗಂಗಾ ಬಾಗಿಲ ಹೊರಗೆ ನಿಂತಿದ್ದಳು, ಫಾರಂ ಎದೆಗೆ ಹಚ್ಚಿಕೊಂಡು. ಸರ್ ಇನ್ನೂ ಬಂದಿರಲಿಲ್ಲ, ಎಂದಿನಂತೆ. ನನ್ನನ್ನು ಹಳೆಯ ಜಾಗದಲ್ಲಿ ಇಳಿಸಿದರು. ಅಲ್ಲಿ ನೆಲದ ಮೇಲೆ ನನ್ನ ನಾಲ್ಕು ಕಾಲಿನ ಗುರುತು ಹಾಗೇ ಇತ್ತು.

ಯಮನೂರಪ್ಪ ಬಕೆಟ್ಟು ಕೆಳಗಿಟ್ಟು ಮಾತಾಡಿದ. ಅವಳು ಇರುವ ಕಡೆ ಮುಖ ಮಾಡಿರಲಿಲ್ಲ, ಆದರೆ ಅವಳಿಗೇ ಹೇಳಿದ್ದು.

"ತಂಗಿ, ಅಂಚು ಉಳದದ. ಬ್ಯಾರೆದವರ ಕೈ ಹಚ್ಚಸಲಿಕ್ಕೆ ನನಗ ಮನಸಾಗಲಿಲ್ಲ. ಅದನ್ನ ಕಟ್ಟು. ಆಮ್ಯಾಲೆ ಏನರ ಸಹಿ ಮಾಡಸ್ಕೋ, ನಾ ಬ್ಯಾಡನ್ನೂದಿಲ್ಲ."

ಅಕ್ಕಾರ ಎನ್ನುತ್ತಿದ್ದವನು ಅವತ್ತು ತಂಗಿ ಎಂದ. ಅವಳು ನಿಂತೇ ಇದ್ದಳು. ಆಮೇಲೆ ಫಾರಮ್ಮನ್ನು ಕಿಟಕಿಯ ಕಟ್ಟೆಯ ಮೇಲೆ ಇಟ್ಟು, ದುಪಟ್ಟಾ ಸೊಂಟಕ್ಕೆ ಕಟ್ಟಿ, ನನ್ನ ಮುಂದೆ ನೆಲಕ್ಕೆ ಕೂತಳು. ಬಕೆಟ್ಟಿನಿಂದ ಎಳೆ ತೆಗೆದು ಬೆರಳ ಸಂದಿಯಲ್ಲಿ ಎಳೆದು ನೀರು ಸೀಟಿದಳು. ಒಂದು ತೂತಿಗೆ ಹಾಕಿದಳು, ಅಂಚಿನ ಪಟ್ಟಿಯ ಮೇಲಿಂದ ತಂದು ಅದೇ ತೂತಿಗೆ ಇಳಿಸಿದಳು. ಮುಂದಿನ ತೂತು. ಒಂದೀಟು ಸಡಿಲ ಬಿಟ್ಟೇ ಕಟ್ಟಿದಳು. ಎಪ್ಪತ್ತೆರಡು ತೂತು ನನಗೆ. ಐವತ್ತು ದಾಟಿದಾಗ ಇನಾಮದಾರ ಸರ್ ಬಂದರು.

ಬಾಗಿಲಿಗೆ ಅಡ್ಡಲಾಗಿ ಬಕೆಟ್ಟು, ನಾನು, ನೆಲದ ಮೇಲೆ ಅವಳು. ಸರ್ ಒಳಗೆ ಹೋಗಲಿಕ್ಕೆ ಜಾಗವಿಲ್ಲ. ಏನಿದು ಎಂದರು. ನೀಲಗಂಗಾ ತಲೆ ಎತ್ತಲಿಲ್ಲ.

"ಸರ್, ಸ್ವಲ್ಪ ನಿಂದರ್ರಿ. ಎಳಿ ಆರಿದ್ರ ಮುರೀತಾವ್ರಿ."

ಸರದಿಗೆ ಕಾಯುತ್ತಿದ್ದವರು ಹಿಂದೆ ಸರಿದರು. ಆ ಬಾಗಿಲಲ್ಲಿ ಅವರಿಗೆ ನಿಲ್ಲು ಎಂದವರು ಯಾರೂ ಇರಲಿಲ್ಲ. ಹುಸೇನಸಾಬ ಗೋಡೆಯ ಕಡೆ ತಿರುಗಿ ಭಾರತದ ನಕಾಶೆ ನೋಡತೊಡಗಿದ.

ಸರ್ ನಿಂತರು. ಬ್ಯಾಗು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದರು. ಒಂದೊಂದು ತೂತು ಮುಗಿಯುವುದನ್ನೂ ನೋಡಿದರು. ನಡುವೆ ಒಮ್ಮೆ ಅವರ ಕಣ್ಣು ನನ್ನ ಮುಂಗಾಲಿನ ಮೇಲೆ ಬಂದು ಅಲ್ಲೇ ಉಳಿಯಿತು. ನನಗೆ ಬಾಯಿ ಇದ್ದಿದ್ದರೂ ಹೇಳುತ್ತಿರಲಿಲ್ಲ. ತಾವು ಅತ್ತ ಆ ಮಧ್ಯಾಹ್ನ ಅವರಿಗೆ ನೆನಪಿತ್ತು.

ಕಡೆಯ ಗಂಟು ಹಾಕಿ ಅವಳು ಎದ್ದಳು. ಅಂಗಾಲು ಜೋಮು ಹಿಡಿದು ಗೋಡೆ ಹಿಡಿದುಕೊಂಡಳು. ಕಿಟಕಿಯ ಕಟ್ಟೆಯ ಮೇಲೆ ಫಾರಂ ಇತ್ತು. ಸರ್ ಅದನ್ನು ನೋಡಿದರು, ಅವಳೂ ನೋಡಿದಳು.

"ಏನು ಸಹಿ ಬೇಕಾಗಿತ್ತು?" ಎಂದು ಕೇಳಿದರು. ದನಿ ಸಣ್ಣಗಿತ್ತು.

ಅವಳು ಫಾರಮ್ಮನ್ನು ನಾಲ್ಕು ಮಡಿಕೆ ಮಾಡಿ ಬ್ಯಾಗಿಗೆ ಹಾಕಿಕೊಂಡಳು.

"ಒಂದು ವರ್ಷ ಹೆಚ್ಚಿಗಿ ಬೇಕ್ರಿ ಸರ್. ಅರ್ಜಿ ಬರದು ತರ್ತೀನಿ. ಇನ್ನೊಂದು ಮಾತು. ಶನಿವಾರ ನಾ ಇಲ್ಲಿ ಬರೂದಿಲ್ರಿ. ಉಳದ ದಿನ ಬರ್ತೀನಿ."

ಬೈಯುತ್ತಾರೆ ಎಂದು ಎಲ್ಲರೂ ಕಾದರು. ಅವರು ಬಗ್ಗಿ ನನ್ನ ಹೊಸ ಹೆಣಿಗೆಯನ್ನು ಅಂಗೈಯಿಂದ ಮುಟ್ಟಿದರು. ಇನ್ನೂ ಹಸಿ ಇತ್ತು. ಆರಲಿ, ಇವತ್ತು ಯಾರೂ ಇದರ ಮೇಲೆ ಕೂರಬೇಡಿ ಎಂದು ಹೇಳಿ, ತಮ್ಮ ಕರವಸ್ತ್ರ ತೆಗೆದು ನನ್ನ ಮೇಲೆ ಹಾಸಿ ಒಳಗೆ ಹೋದರು. ಅವತ್ತು ಸಂಜೆಯತನಕ ಅದನ್ನು ಯಾರೂ ಸರಿಸಲಿಲ್ಲ.

ಅಲ್ಲಿಂದ ಎಲ್ಲವೂ ಸರಾಗವಾಯಿತು ಎಂದರೆ ಸುಳ್ಳಾದೀತು. ಸರ್ ಹಾಗೇ ತಡವಾಗಿ ಬರುತ್ತಿದ್ದರು. ಕೆಂಪು ಶಾಯಿ ಹಾಗೇ ಇತ್ತು. ನೀಲಗಂಗಾ ಹಾಗೇ ನನ್ನ ಮೇಲೆ ಕಾದಳು, ದಣಿದಳು, ಎರಡು ಸಲ ಜ್ವರ ಬಂದು ಮಲಗಿದಳು. ಬೆತ್ತ ಮಾತ್ರ ಕೀಳಲಿಲ್ಲ. ಶುಕ್ರವಾರ ಸಂಜೆ ಏಳುವಾಗ ಅವಳು ಹಗುರಾಗಿ ಏಳುತ್ತಿದ್ದಳು, ನನಗೆ ತಿಳಿಯುತ್ತಿತ್ತು. ಹದಿನಾಲ್ಕು ತಿಂಗಳಿಗೆ ಥೀಸಿಸ್ ಕೊಟ್ಟಳು. ಕೊಟ್ಟ ದಿನ ಗುರುವಾರ. ಮೂರನೆಯ ದಿನ ಶನಿವಾರ, ಅಂಧರ ಶಾಲೆಯಲ್ಲಿ ಪಾಠ ಇತ್ತಂತೆ, ಹೋಗಿ ಮಾಡಿ ಬಂದಳಂತೆ.

ಮುಂದೆ ವಿಭಾಗಕ್ಕೆ ಕಬ್ಬಿಣದ ಬೆಂಚುಗಳು ಬಂದವು, ನಾಲ್ಕು ಜನ ಕೂರುವಂಥವು. ಕರವಸ್ತ್ರದ ಪದ್ಧತಿ ಹೋಯಿತು. ಹುಸೇನಸಾಬ ತನ್ನ ನೌಕರಿಯ ಕಡೆಯ ವಾರ ಓಡಾಡಿ, ಹಳೆಯ ಸಾಮಾನಿನ ಪಟ್ಟಿಯಿಂದ ನನ್ನನ್ನು ಬಿಡಿಸಿ ಬೆತ್ತದ ಕೋಣೆಗೆ ಮುಟ್ಟಿಸಿದ. ಈಗ ನಾನು ಕಲಿಯುವವರ ಕುರ್ಚಿ. ಒಬ್ಬರು ನನ್ನನ್ನು ಹೆಣೆಯುತ್ತಾರೆ, ಯಮನೂರಪ್ಪ ತಟ್ಟಿ ನೋಡುತ್ತಾನೆ, ಬಿಚ್ಚಿ ಇನ್ನೊಬ್ಬರಿಗೆ ಕೊಡುತ್ತಾನೆ. ಸರಿಯಾಗಿ ಹೆಣೆದಿದ್ದರೆ ತಟ್ಟಿದಾಗ ದಮ್ಮಡಿ ವಾದ್ಯದ ಹಾಗೆ ನುಡಿಯಬೇಕು. ಕೀಲುಗಳು ಸಡಿಲಾಗಿವೆ, ಒಂದು ಕಾಲಿಗೆ ಹುಳ ಹಿಡಿದಿದೆ. ಇಷ್ಟು ಸಲ ಬಿಚ್ಚಿಸಿಕೊಂಡ ಮೇಲೆ ಒಂದು ಮಾತು ನನಗೆ ತಿಳಿದಿದೆ. ಕಾಯುವವರ ಕೈಗೆ ಏನಾದರೂ ಕೊಡಬೇಕು. ಬರಿಗೈ ಸುಮ್ಮನಿರುವುದಿಲ್ಲ, ಹತ್ತಿರ ಇದ್ದದ್ದನ್ನು ಕೀಳುತ್ತದೆ. ಪುಂಡಲೀಕ ಜೇಲಿನಲ್ಲಿ ನಗುತ್ತ ಮರಕ್ಕೆ ರಂದಾ ಹೊಡೆಯುತ್ತಿದ್ದದ್ದು ಯಾಕೆ ಎಂದು ಈಗ ಅರಿವಾಗುತ್ತದೆ.

ನೀಲಗಂಗಾಳಿಗೆ ರಾಯಚೂರಿನ ಕಡೆ ಕಾಲೇಜಿನಲ್ಲಿ ಕೆಲಸ ಸಿಕ್ಕಿತು. ಸೋಮವಾರ ಹಾಜರಾಗಬೇಕಿತ್ತು. ಹೊರಡುವ ದಿನವೂ ಬಂದಳು. ತುಂಗಭದ್ರೆಯ ಪಾಠ ಮಾಡಿದಳು. ಹುಡುಗಿಯರ ಬೆರಳುಗಳು ಎಳೆಯ ಮೇಲೆ ನಡೆದು ರಾಯಚೂರಿನ ಹತ್ತಿರ ನಿಂತವು, ಅಲ್ಲಿ ಅವಳು ಒಂದು ಗುಂಡಿ ಅಂಟಿಸಿದ್ದಳು. ಟೀಚರ್ ಇಲ್ಲೇ ಇರ್ತಾರ ಎಂದು ಒಬ್ಬಳು ಉಳಿದವರಿಗೆ ತೋರಿಸಿದಳು. ಎಲ್ಲರೂ ಸರದಿಯ ಮೇಲೆ ಆ ಗುಂಡಿ ಮುಟ್ಟಿದರು.

ಹೋಗುವಾಗ ನನ್ನ ಹತ್ತಿರ ಬಂದು ಬಗ್ಗಿ ಬೆರಳಿನಿಂದ ತಟ್ಟಿದಳು.

"ಹ್ಯಾಂಗ ನುಡೀತದ?" ಎಂದು ಯಮನೂರಪ್ಪ ಮೂಲೆಯಿಂದ ಕೇಳಿದ.

"ಛಲೋ ನುಡೀತದ್ರಿ, ಕಾಕಾ."

"ಹಂಗಾರ ಹೋಗಿ ಬಾ."

ಬಾಗಿಲ ತನಕ ಅವಳ ಹೆಜ್ಜೆ ಕೇಳಿಸಿತು, ಆಮೇಲೆ ಹುಡುಗಿಯರ ಗದ್ದಲದಲ್ಲಿ ಕೂಡಿಹೋಯಿತು. ಆಷಾಢದ ಮೊದಲ ವಾರ. ನೀಲಗಂಗಾ ಹೋದದ್ದು ಶನಿವಾರ.